ಹನ್ನೊಂದನೇ ಪುಟ

ಸ್ಪ್ರೇ ಗನ್ನಿನ ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ,
ಪುಟಕ್ಕೆ ನೂರೆಂಬತ್ತು.
ಭೋಸರಿಯ ಆ ಶೆಡ್ಡಿನಲ್ಲಿ ಬಣ್ಣ ಹೊಡೆಯುವವರು
ಅರ್ಧ ಮಂದಿ ಇಂಡಿ, ಅಫಜಲಪುರದ ಕಡೆಯವರು.
ಹನ್ನೊಂದನೇ ಪುಟದಲ್ಲಿ ಗಾಡಿ ನಿಂತಿತು:
ಆಟಮೈಸೇಶನ್.

ನಿಘಂಟು ಕೊಟ್ಟದ್ದು ಕಣೀಕರಣ.
ಬಾಯಿಗೆ ಹಾಕಿಕೊಂಡರೆ ಮರಳು.
ತುಂತುರು ಎಂದು ಬರೆದೆ,
ಅದು ಯಾವತ್ತೋ ನೆನೆದ ಸೆರಗಿನ ಪದ, ಯಂತ್ರಕ್ಕೆ ಒಗ್ಗಲಿಲ್ಲ.
ಸೀಕರ ಎಂದರೆ ಹಳಗನ್ನಡದ ಆನೆಯೊಂದು
ಸೊಂಡಿಲೆತ್ತಿ ಒಳಗೆ ಬಂದುಬಿಡುತ್ತದೆ.
ಅಣು ಎಂದೊಡನೆ ಮ್ಯಾನೇಜರ್ ಪಾಟೋಳೆ
'ಬಾಂಬ್ ಕಾ ಮ್ಯಾಡಮ್?' ಎಂದು ನಕ್ಕರು.

ಶೆಡ್ಡಿಗೇ ಹೋದೆ.
ಖಾಜಾಸಾಬ ಮುಜಾವರ ಬಂಪರಿಗೆ ಬಿಳಿ ಹೊಡೆಯುತ್ತಿದ್ದ.
ಹುಬ್ಬು ರೆಪ್ಪೆಗಳ ಮೇಲೆ ಇಪ್ಪತ್ತು ವರ್ಷದ ಮುಪ್ಪು,
ಊಟದ ಹೊತ್ತಿಗೆ ತೊಳೆದುಹೋಗುವಂಥದು.
ಮಾಸ್ಕು ಕೆಳಗೆಳೆದು ಹೇಳಿದ:

'ನಾವ್ ಇದಕ ಬಿಚ್ಚೂದು ಅಂತೀವ್ರಿ ಅಕ್ಕಾರ.
ಡಬ್ಬ್ಯಾಗ ಬಣ್ಣ ಮುದ್ದಿ ಆಗಿ ಕುಂತಿರತೈತಿ,
ಗಾಳಿ ಹೊಡದ್ರ ಬಿಚ್ಚತೈತಿ.
ಗಾಳಿ ಕಮ್ಮಿ ಆತು, ಉಗುಳತೈತಿ,
ಕಿತ್ತಳಿ ಸಿಪ್ಪಿ ಹಂಗ ಮೈಯೆಲ್ಲ ಗುಳ್ಳಿ.
ಜಾಸ್ತಿ ಆತು, ಭಾಳ ಸಣ್ಣಾಗಿ
ಹಾದ್ಯಾಗ ಒಣಗಿ ಧೂಳ ಬೀಳತೈತಿ,
ಯಾವುದಕ್ಕೂ ಹತ್ತಂಗಿಲ್ಲ.
ಹಸಿ ಇದ್ದಾಗನ ಹೋಗಿ ಮುಟ್ಟಬೇಕು ನೋಡ್ರಿ,
ಮುಟ್ಟಿದ ಮ್ಯಾಲ ಒಂದಕ್ಕೊಂದು ಕೂಡತಾವು.
ಒಂದ ಗೇಣ ದೂರ. ಅಷ್ಟ.'

ಗೇಣು ತೋರಿಸಲು ಚಾಚಿದ ಕೈಯಲ್ಲಿ
ಹೆಬ್ಬೆರಳಿಗೆ ಉಗುರಿರಲಿಲ್ಲ.

ಬಸ್ಸಿನಲ್ಲಿ ಕೂತು ನಾನೂ ಬಿಚ್ಚುತ್ತ ಬಂದೆ:
ಗಂಟು ಬಿಚ್ಚು, ಬಾಯಿ ಬಿಚ್ಚು, ಮನಸು ಬಿಚ್ಚಿ ಹೇಳು,
ನಮ್ಮ ಕಡೆ ಮನೆ ಕೆಡವುವುದಕ್ಕೂ
ಬಿಚ್ಚುವುದು ಎಂದೇ ಅನ್ನುತ್ತಾರೆ.

ಭವಾನಿ ಪೇಠೆಯ ನಮ್ಮ ವಾಡೆಯನ್ನು ಬಿಚ್ಚಿದರು.
ಒಂಬತ್ತು ಸಂಸಾರ, ಒಂದೇ ನಳ.
ಬೆಳಗಿನ ಐದಕ್ಕೆ ಯಮುನಾಕಾಕು
ನನ್ನ ಬಕೆಟ್ಟು ಒದ್ದದ್ದು,
ಅದೇ ಸಂಜೆ ಹೊಟ್ಟೆನೋವೆಂದು ಮಲಗಿದ್ದವಳಿಗೆ
ಓಮದ ಕಷಾಯ ತಂದು ಕುಡಿಸಿದ್ದು.
ನಿಜ ಹೇಳಬೇಕೆಂದರೆ ಒದ್ದದ್ದೇ ಹೆಚ್ಚು ನೆನಪಿದೆ.
ತೇಗದ ಕಂಬಗಳಿಗೆ ಸುಣ್ಣದ ಕಡ್ಡಿಯಿಂದ ನಂಬರು ಬರೆದು
ಲಾರಿಗೆ ಹೇರಿದರು, ಮತ್ತೆಲ್ಲೋ ಹಾಗೆಯೇ ಜೋಡಿಸಲು.
ಮಂದಿಗೆ ನಂಬರು ಬರೆಯಲಿಲ್ಲ.

ನಾನೀಗ ಮೋಶಿಯಲ್ಲಿ, ಆರನೇ ಮಹಡಿ.
ಒಬ್ಬಳಿಗೆ ಐದು ನಳ.
ಗೋಡೆಯಾಚೆ ರಾತ್ರಿ ಹನ್ನೊಂದಕ್ಕೆ
ನೆಬ್ಯುಲೈಜರು ಗೊರಗುಡುತ್ತದೆ.
ಅದರ ಕೈಪಿಡಿಯಲ್ಲೂ ಇದೇ ಪದ ಇದ್ದೀತು:
ಔಷಧ ಬಿಚ್ಚಿಕೊಂಡು ಎದೆಯ ಸಂದಿಗೊಂದಿಗೆ
ಹಸಿಹಸಿಯಾಗಿ ಹೋಗಿ ಮುಟ್ಟುವುದು.
ಬಾಗಿಲ ಮೇಲೆ ಹೆಸರಿಲ್ಲ, ೬೦೪ ಅಷ್ಟೇ.
ಮಗುವೋ ಮುದುಕರೋ,
ಕೆಮ್ಮು ಕೇಳಿ ವಯಸ್ಸು ಹೇಳಲಾರೆ.
ಏಳು ನಿಮಿಷ. ಅದು ನಿಂತ ಮೇಲೆ
ನಾನು ದೀಪ ಆರಿಸುವುದು.

ಇವತ್ತು ಹನ್ನೆರಡಾದರೂ ಸದ್ದಿಲ್ಲ.
ಮೇಜಿನ ಮೇಲೆ ಹನ್ನೊಂದನೇ ಪುಟ,
ಪೆನ್ಸಿಲಿನಲ್ಲಿ 'ಬಣ್ಣ ಬಿಚ್ಚುವುದು' ಎಂದು ಬರೆದದ್ದು.
ಪಾಟೋಳೆ ಒಪ್ಪುವುದಿಲ್ಲ,
ಕೊನೆಗೆ ಕಣೀಕರಣವೇ ಅಚ್ಚಾಗುತ್ತದೆ.

ಕಾರಿಡಾರಿಗೆ ಬಂದೆ. ನನ್ನನ್ನು ಕಂಡು
ದೀಪ ತಾನೇ ಹತ್ತಿತು.
೬೦೪ರ ಬೆಲ್ಲಿಗೂ ನನ್ನ ಬೆರಳಿಗೂ ನಡುವೆ
ಎಷ್ಟು, ಒಂದು ಗೇಣು.
ಏನೆಂದು ಕೇಳಲಿ?
ನಿಮ್ಮ ಯಂತ್ರದ ಸದ್ದಿಲ್ಲದೆ ನಿದ್ದೆ ಬರಲಿಲ್ಲ ಎನ್ನಲೇ,
ಅದನ್ನು ಯಾವ ಭಾಷೆಯಲ್ಲಿ?
ದೀಪ ಆರಿತು.
ಕೈಯಾಡಿಸಿದೆ, ಹತ್ತಿತು.

ಒಳಗೆ ಯಾರೋ ಚಪ್ಪಲಿ ಎಳೆಯುತ್ತ
ಬಾಗಿಲ ಕಡೆಗೆ ಬರುತ್ತಿದ್ದರು.
ನಾನಿನ್ನೂ ಬೆಲ್ಲು ಒತ್ತಿರಲಿಲ್ಲ.