ಮೂವತ್ತೊಂದನೇ ಲಕೋಟೆ

ವಿಲೆನ್‌ಹಾಲ್ ಬೀಗ ಮಾಡುವವರ ಊರಾಗಿತ್ತು.
ಅರ ಹಿಡಿದು ಉಜ್ಜಿ ಉಜ್ಜಿ ಗೂನಾದ ಗಂಡಸರಿಗೆಂದು
ಪಬ್ಬಿನ ಗೋಡೆಯಲ್ಲಿ ಗೂಡು ಕೊರೆದಿದ್ದರಂತೆ,
ಬೆನ್ನಿಟ್ಟು ಒರಗಲಿಕ್ಕೆ.
ಈಗ ಕಾರ್ಖಾನೆ ಇಲ್ಲ. ಲೈಬ್ರರಿ ಇದೆ,
ಮಂಗಳವಾರ, ಶುಕ್ರವಾರ.

ಶುಕ್ರವಾರ ಕೂತೆವು. ನಲವತ್ತೇಳು ಪ್ರಬಂಧ, ಒಂದು ಕೆಟಲ್.
‘ಕೃತಕ ಬುದ್ಧಿಮತ್ತೆಯ ಕಾಲಕ್ಕೆ
ಸೈಬರ್ ಸುರಕ್ಷತೆಯ ನೀತಿ ಹೇಗಿರಬೇಕು?’
ಹದಿನೆಂಟರ ಒಳಗಿನವರಿಗೆ. ಸಾವಿರದೈನೂರು ಪದ.
ಹೆಸರು ಬೇರೆ ಲಕೋಟೆಯಲ್ಲಿ, ಅಂಟಿಸಿ.
ಬಹುಮಾನ ಇನ್ನೂರು ಪೌಂಡು,
ಕೊಡುವವರು ಚಿಲಕ ಮಾರುವ ಕಂಪನಿಯವರು.

ತೀರ್ಪಿಗೆ ಕಾಲೇಜಿನ ಇಮೊಜೆನ್,
ಎಂಬತ್ತೊಂದರ ಟಾಂಕ್ಸ್, ಬೀಗದ ಕೊನೆಯ ಕಸುಬುದಾರ,
ಮತ್ತೆ ನಾನು, ಆಸ್ಪತ್ರೆಯ ದಾಖಲೆ ವಿಭಾಗ,
ಪಾಸ್‌ವರ್ಡ್ ಮರೆತವರಿಗೆಲ್ಲ ಗದರುವವಳು.

ಮೊದಲ ಹನ್ನೆರಡೂ ಒಂದೇ ತಾಯ ಮಕ್ಕಳು:
‘ಶರವೇಗದಲ್ಲಿ ಬದಲಾಗುತ್ತಿರುವ ಈ ಯುಗದಲ್ಲಿ...’
ಯಂತ್ರದ ಮೇಲೆ ಕಣ್ಣಿಡಬೇಕೆಂದು
ಯಂತ್ರವೇ ಬರೆದುಕೊಟ್ಟಿತ್ತು, ಅಚ್ಚುಕಟ್ಟಾಗಿ.
ಬೇಲಿ ಎದ್ದು ಹೊಲ ಮೇಯುವುದು ಗೊತ್ತಿತ್ತು.
ಮೇಯುತ್ತ ಮೇಯುತ್ತಲೇ
ಹೊಲ ಕಾಯುವುದು ಹೇಗೆಂದು ಭಾಷಣ ಬಿಗಿದದ್ದು
ಇದೇ ಮೊದಲು.

ಮೂವತ್ತೊಂದು ಮಾತ್ರ ಕೈಬರಹ. ನೀಲಿ ಬಾಲ್‌ಪೆನ್ನು.
ಮುನ್ನೂರ ಹನ್ನೆರಡು ಪದ. ಅಡಿಟಿಪ್ಪಣಿ ಸೊನ್ನೆ.

‘ಯಾರೋ ಆಸ್ಪತ್ರೆಯ ಕಂಪ್ಯೂಟರಿಗೆಲ್ಲ ಬೀಗ ಜಡಿದು
ಬೀಗದ ಕೈಗೆ ದುಡ್ಡು ಕೇಳಿದ ದಿನ
ಅಪ್ಪ ಡಯಾಲಿಸಿಸ್ ಕುರ್ಚಿಯಲ್ಲಿದ್ದ.
ಯಾರಿಂದ ಎಷ್ಟು ನೀರು ತೆಗೆಯಬೇಕು,
ಯಾರ ತೂಕ ಎಷ್ಟಿರಬೇಕು,
ಎಲ್ಲ ಪರದೆಯೊಳಗೆ.
ನರ್ಸೊಬ್ಬಳು ತನ್ನ ಮೊಣಕೈವರೆಗೆ
ಹದಿನಾಲ್ಕು ಹೆಸರು ಬರೆದುಕೊಂಡಳು, ಪೆನ್ನಿನಲ್ಲಿ.
ಅಪ್ಪನ ತೂಕ ಅಪ್ಪನಿಗೇ ನೆನಪಿತ್ತು: ಎಪ್ಪತ್ತೊಂದೂವರೆ.
ಪಕ್ಕದ ಕುರ್ಚಿಯವರಿಗೆ ನೆನಪಿರಲಿಲ್ಲ.
ನನ್ನ ನೀತಿ ಇಷ್ಟೇ.
ವಾರ್ಡಿಗೊಂದು ನೋಟುಬುಕ್ಕು ಇರಲಿ.
ಪೆನ್ಸಿಲ್ಲಿಗೆ ದಾರ ಕಟ್ಟಿರಲಿ,
ಇಲ್ಲದಿದ್ದರೆ ಯಾರಾದರೂ ಒಯ್ಯುತ್ತಾರೆ.’

‘ಕಳಕಳಿ ಇದೆ, ಚೌಕಟ್ಟಿಲ್ಲ’ ಎಂದಳು ಇಮೊಜೆನ್.
ತಪ್ಪೇನೂ ಹೇಳಲಿಲ್ಲ.
‘ದಾರದ ಬಗ್ಗೆ ಯೋಚಿಸಿದೆಯಲ್ಲ ಮಗು’ ಎಂದ ಟಾಂಕ್ಸ್,
‘ಉಳಿದ ನಲವತ್ತಾರಕ್ಕೆ ಕಳ್ಳ ಅಂದರೆ ಬರೀ ಒಂದು ಪದ.’

ನಾನು ಬಾಯಿ ತೆರೆದೆ:
ಕಾವಲುಗಾರ ಚಾಪೆಯ ಕೆಳಗೆ ತೂರಿದರೆ
ಕಳ್ಳ ತೂರುವುದು...
ರಂಗೋಲಿಗೆ ಇಂಗ್ಲಿಷಿನಲ್ಲಿ ದಪ್ಪವೂ ಇಲ್ಲ, ತೆಳುವೂ ಇಲ್ಲ.
ಟಾಂಕ್ಸ್ ಕಾದ. ನಾನು ಚಹಾ ಕುಡಿದೆ.

ಇನ್ನೊಂದು ಮಾತನ್ನೂ ಆಗಲೇ ಕುಡಿದದ್ದು.
ಅದರ ಹಿಂದಿನ ಮಾರ್ಚಿನಲ್ಲಿ
ನೆಲಮಾಳಿಗೆಯ ಕಾಗದದ ಫೈಲುಗಳನ್ನು
ಚೂರು ಮಾಡಬಹುದೆಂದು
ಸಹಿ ಹಾಕಿದವಳು ನಾನು.
ಎರಡು ಲಾರಿ. ರಸೀದಿ ಇನ್ನೂ ಇದೆ.

ಬಹುಮಾನ ಒಂಬತ್ತಕ್ಕೆ ಹೋಯಿತು. ನಾನೂ ಕೈ ಎತ್ತಿದೆ.
ಸೋತವರ ಲಕೋಟೆಗಳನ್ನು ಒಡೆಯದೆ ನಾಶ ಮಾಡುವುದು,
ನಿಯಮ ಆರು.
ಮೂವತ್ತೊಂದನ್ನು ಕಿಟಕಿಯ ಬೆಳಕಿಗೆ ಹಿಡಿದೆ,
ಗೌಪ್ಯತೆಗೆ ಅಂಕ ಕೊಟ್ಟ ಅದೇ ಕೈಯಲ್ಲಿ.
ಒಂದು ಅಕ್ಷರದ ಬಾಲ ಕಂಡಿತು, ಅಷ್ಟೇ.
ಟಾಂಕ್ಸ್ ಕೆಟಲ್ಲಿನ ಕಡೆ ತಿರುಗಿ ನಿಂತಿದ್ದ,
ಅದು ಆರಿ ಎಷ್ಟೋ ಹೊತ್ತಾಗಿತ್ತು.
ಆಮೇಲೆ ಚೂರುಯಂತ್ರ. ಅದರ ಸದ್ದು ನನಗೆ ಹೊಸದಲ್ಲ.

ಸೋಮವಾರ ಕೆಂಪು ರಟ್ಟಿನ ನೋಟುಬುಕ್ಕು ಕೊಂಡೆ,
ಒಂದು ಪೌಂಡು ಇಪ್ಪತ್ತು.
ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು,
ಗೊತ್ತು, ಗೊತ್ತು.
ಡಯಾಲಿಸಿಸ್ ವಾರ್ಡಿನ ಮೇಜಿಗೆ ಪೆನ್ಸಿಲ್ ಕಟ್ಟಿ
ಯಾರೂ ಕೇಳುವ ಮುಂಚೆ ಬಂದುಬಿಟ್ಟೆ.

ಗುರುವಾರ ನೋಡಿದರೆ ದಾರ ಇತ್ತು,
ಪೆನ್ಸಿಲ್ ಇರಲಿಲ್ಲ.
ಮೊದಲ ಪುಟದಲ್ಲಿ ಯಾರದೋ ತೂಕ:
ಅರವತ್ತೆಂಟೂ ಕಾಲು.
ಹೆಸರು ಬರೆದಿರಲಿಲ್ಲ.