ಹಳೇ ತೋಳು

ದೇವಿಮನೆ ಘಟ್ಟದ ಮೂರನೇ ತಿರುವಲ್ಲಿ
ಎಡಗಾಲ ಕೆಳಗೆ ಯಾರೋ ಹಲ್ಲು ಕಡಿದ ಸದ್ದು.
ಕಟ್. ಕಟಕಟ. ಕಟ್.
ಹಿಂದೆ ಆರು ಕ್ರೇಟು ಬಂಗಡೆ, ಎರಡು ತಾರ್ಲೆ,
ಕರಗಿದ ಐಸಿನ ನೀರು ಸೀಟಿನಡಿ ನುಸುಳಿ
ನನ್ನ ಚಪ್ಪಲಿ ಹುಡುಕಿಕೊಂಡು ಬರುತ್ತಿತ್ತು.

ಹೊಸ ಮಾಲು ಹಾಕಿಸಿ ಎರಡು ತಿಂಗಳೂ ತುಂಬಿರಲಿಲ್ಲ.
ಕುಮಟೆಯ ಅಂಗಡಿಯವ ಪ್ಲಾಸ್ಟಿಕ್ಕು ಹರಿದು ತೋರಿಸಿದ್ದ,
ಮದುಮಗನ ಬೂಟಿನಷ್ಟು ಮಿರಿಮಿರಿ ಕಪ್ಪು.
"ಕಂಪನಿಯದಕ್ಕೂ ಇದಕ್ಕೂ ಎಂತ ವ್ಯತ್ಯಾಸ ಅಕ್ಕಾ?
ರೇಟು, ಅದೊಂದೇ."
ಜೋಡಿಗೆ ಒಂಬೈನೂರು. ಎಣಿಸಿ ಕೊಟ್ಟೆ.
ಉಳಿದದ್ದರಲ್ಲಿ ಮಗಳಿಗೊಂದು ಕೊಡೆ.
ಕೊಡೆ ಇನ್ನೂ ಚೆನ್ನಾಗಿದೆ.

ಐದು ವಾರ ಆ ಸದ್ದನ್ನೇ ಹೊತ್ತು ಓಡಿಸಿದೆ.

ಕತಗಾಲದ ಇನಾಸನ ಗ್ಯಾರೇಜೆಂದರೆ
ನಾಲ್ಕು ಕಂಬ, ಮೇಲೆ ತಗಡು, ನಡುವೆ ಒಂದು ಹೊಂಡ.
ಹೊಂಡಕ್ಕಿಳಿದು, ಸರಳು ತೂರಿಸಿ
ಒಮ್ಮೆ ಮೀಟಿದ. ಏನೂ ಹೇಳಲಿಲ್ಲ.
ಅವನ ಕೈ ಮಾತ್ರ ಮೇಲೆ ಬಂತು,
ಬೆರಳ ತುದಿಯಲ್ಲಿ ರಬ್ಬರಿನ ಹುಡಿ,
ಕಾವಲಿಗೆ ಅಂಟಿದ ಕರಕಲಿನ ಹಾಗೆ.

"ಶೇವಂತೀ, ಬಂಗಡೆ ಹೆಂಗೆ ಆರಿಸ್ತೆ ನೀನು?"
"ಕಿವಿರು ಎತ್ತಿ ನೋಡ್ತೆ. ಕೆಂಪಿರಬೇಕು.
ಹೊಟ್ಟೆ ಒತ್ತಿದ್ರೆ ಬೆರಳಿನ ಗುರ್ತು ನಿಲ್ಲಬಾರ್ದು."
"ಹಾಂ. ಇದನ್ನ ಒತ್ತಿ ನೋಡಿದ್ಯಾ?"

ಒತ್ತಿರಲಿಲ್ಲ.
ಶಿರಸಿಯ ಓಣಿಯಲ್ಲಿ ದಿನಾ ಜಗಳಾಡುವವಳು ನಾನು.
ಮಾರ್ಕೆಟ್ಟಲ್ಲಿ ಹತ್ತು ರೂಪಾಯಿ ಕಮ್ಮಿ ಎಂದವರಿಗೆ
ನಾಲ್ಕು ದಿನ ಐಸಲ್ಲಿ ಮಲಗಿದ ಮೀನು ಅದು,
ಕಣ್ಣು ನೋಡಿ, ಕಣ್ಣು, ಎಂದು
ಬೀದಿಗೆಲ್ಲ ಕೇಳುವಂತೆ ಬೈಯುವವಳು,
ಒಂಬೈನೂರಕ್ಕೆ
ಕಣ್ಣು ಬೆಳ್ಳಗಾದ ಮೀನು ಕೊಂಡು ತಂದಿದ್ದೆ.

ಇನಾಸ ಬೆಂಚಿನಡಿಯ ಗೋಣಿಚೀಲ ಎಳೆದ.
ಗ್ರೀಸು, ಇಲಿಯ ಹಿಕ್ಕೆ, ಯಾರದೋ ಸೈಲೆನ್ಸರು,
ತಳದಲ್ಲಿ ನನ್ನ ಗಾಡಿಯ ಹಳೇ ತೋಳು ಎರಡು,
ಮೈಮೇಲೆ ಸೀಮೆಸುಣ್ಣದಲ್ಲಿ ನಂಬರಿನ ಕೊನೆಯ ಮೂರಂಕಿ.
ಗುಜರಿಗೆ ಹಾಕು ಎಂದು ನಾನೇ ಹೇಳಿ ಹೋದದ್ದು.
ಸುತ್ತಿಗೆಯಲ್ಲಿ ತಟ್ಟಿದ: ಠಣ್.
ಹೊಸದನ್ನು ತಟ್ಟಿದ: ದಬ್.
"ಕಬ್ಬಿಣಕ್ಕೆ ಎಂತ ಆಗ್ಲಿಲ್ಲ.
ಒಳಗೆ ಮೆತ್ತಗಿದ್ದದ್ದು ಸತ್ತಿದೆ, ಅಷ್ಟೆ."

ವೈಸಿಗೆ ಸಿಕ್ಕಿಸಿ ಸತ್ತದ್ದನ್ನು ಒತ್ತಿ ತೆಗೆದ.
ತುಕ್ಕು ತಿಕ್ಕಿದ. ಸೋಪಿನ ನೀರು ಸವರಿ
ಕಂಪನಿ ಬುಶ್ಶನ್ನು ಹಿಡಿಯ ಒಂದೊಂದೇ ಸುತ್ತಿಗೆ
ಒಳಗೆ ಕರೆದುಕೊಂಡ.
ಬಾಲ್ ಜಾಯಿಂಟು ಅಲ್ಲಾಡಿಸಿ ನೋಡಿ ಮಾತ್ರ ದೂರ ಎಸೆದ.
"ಇದಕ್ಕೆ ರಿಪೇರಿ ಇಲ್ಲ. ಹೊಸದೇ ತರ್ಬೇಕು.
ಹಳೇದೆಲ್ಲ ಬಂಗಾರ ಅಲ್ಲ ಮಾರಾಯ್ತೀ."

ಜಾಕು ಇಳಿಸಿ, ನಾಲ್ಕೂ ಚಕ್ರ ನೆಲಕ್ಕೆ ಊರಿದ ಮೇಲೆಯೇ
ಕೊನೆಯ ಬೋಲ್ಟು ಬಿಗಿದ.
ಗಾಲಿ ನೇತಾಡುವಾಗ ಬಿಗಿದರೆ
ರಬ್ಬರು ಮೊದಲ ದಿನವೇ ತಿರುಚಿಕೊಂಡು ಕೂರುತ್ತದಂತೆ.
ಹಿಂದಿನ ಸಲ ಹುಡುಗ ಹಾಗೆಯೇ ಬಿಗಿದಿರಬೇಕು,
ತಾನು ಇಗರ್ಜಿಯಲ್ಲಿದ್ದೆ, ನೋಡಲಿಲ್ಲ.
ನಾನು ಕೇಳದಿದ್ದರೂ ಅದನ್ನೂ ಹೇಳಿದ.

ಸಾವಿರದ ನಾನೂರು. ಅರ್ಧ ಈಗ, ಅರ್ಧ ಮೀನಲ್ಲಿ.

ಮರುದಿನ ಮೂರನೇ ತಿರುವು ಬಂತು, ಹೋಯಿತು.
ಎಂಜಿನ್ನಿನ ಗೊಣಗಾಟದ ಹಿಂದೆ ಕಿವಿಯಿಟ್ಟು ಕಾದೆ.
ಐಸಿನ ಹನಿ. ಬೇರೇನಿಲ್ಲ.

ಓಣಿಯಲ್ಲಿ ಗಾಡಿ ನಿಲ್ಲಿಸಿದರೆ
ಒಂದು ಬಾಗಿಲೂ ತೆರೆಯಲಿಲ್ಲ.
ಪಾತ್ರೆ ಹಿಡಿದು ಯಾರೂ ಮೆಟ್ಟಿಲಿಳಿಯಲಿಲ್ಲ,
ಆ ಅರ್ಧ ಬಾಲದ ಬೆಕ್ಕು ಕೂಡ.
ಆಗ ಹೊಳೆಯಿತು, ಇಷ್ಟು ವಾರ
ಆ ಕಟಕಟವೇ ನನ್ನ ಪರವಾಗಿ ಕೂಗುತ್ತಿತ್ತು.

ಗಂಟಲು ಸರಿಮಾಡಿಕೊಂಡೆ.
ಬಂಗಡೇ... ತಾರ್ಲೇ...
ಮೊದಲ ಕೂಗು ತುಕ್ಕು ಹಿಡಿದೇ ಬಂತು.