ಅಳತೆ ಪುಸ್ತಕ

ಖೋರ್ ಮಿಲ್ಹ ಅಂದರೆ ಉಪ್ಪಿನ ಅಳಿವೆ.
ಅಳಿವೆಯ ಎತ್ವ ತೆಗೆದು ಕೊಂಬು ಕೊಟ್ಟರೆ ಅಳಿವು
ಅಂತ ಊರಿಗೆ ಕಾಗದ ಬರೆದಿದ್ದೆ, ಮೊದಲ ವರ್ಷ.
ಆ ಸಾಲಿಗೇ ಮಸಿ ಬಳಿದು ಕಳಿಸಿದರು.
ಕನ್ನಡ ಬಲ್ಲವರು ಯಾರಿದ್ದರೋ ಅಲ್ಲಿ!

ನಾನು ಹಮ್ಮಬ್ಬ, ಉಚ್ಚಿಲದವ, ದರ್ಜಿ.
ಬಂದದ್ದು ಮದುವೆ ಕೋಟು ಹೊಲಿಯಲು.
ಎರಡು ಹೊಲಿದೆ. ಮೂರನೆಯದಕ್ಕೆ ಗುಂಡಿ ಹಚ್ಚುವಾಗ
ಯುದ್ಧ ಶುರುವಾಯಿತು, ಮದುಮಗ ಬರಲಿಲ್ಲ.
ಕೋಟು ಈಗಲೂ ಮೊಳೆಯಲ್ಲಿದೆ.
ಶಮಾಲ್ ಗಾಳಿ ಬೀಸಿದರೆ ತೋಳು ತುಂಬಿಕೊಂಡು
ಯಾರೋ ಬಂದ ಹಾಗೆ.

ಆಮೇಲೆ ಹೊಲಿದದ್ದೆಲ್ಲ ಖಾಕಿ.
ಮೊದಲ ವರ್ಷದ ಹಾಳೆ: ತೋಳು ಇಪ್ಪತ್ತನಾಲ್ಕೂವರೆ, ಎದೆ ನಲವತ್ತು,
ಹೆಗಲು ಮುಟ್ಟಿದರೆ ಬಂದರಿನ ಹಮಾಲರ ಹುರಿ.
ನಾಲ್ಕನೆಯ ವರ್ಷ ತೋಳು ಇಪ್ಪತ್ತಮೂರು.
ಆರನೆಯ ವರ್ಷ ಇಪ್ಪತ್ತೊಂದೂವರೆ;
ಟೇಪು ಕಂಕುಳಿಗೆ ತಾಗಿದರೆ
ಕಚಗುಳಿಯಾಗಿ ನಗುತ್ತಿದ್ದರು.
ಒಂಬತ್ತನೆಯ ವರ್ಷದ ಹಾಳೆ ನಾನು ತೋರಿಸುವುದಿಲ್ಲ.

ಒಂದು ಹಾಳೆ ಮಾತ್ರ ಬದಲಾಗಿಲ್ಲ.
ವಿಜಯದಿನಕ್ಕೆ ಮೂರು ವಾರ ಮುಂಚೆ
(ಯಾವ ವಿಜಯ ಎನ್ನಬೇಡಿ, ದಿನ ಗೊತ್ತಾಗಿದೆ,
ವಿಜಯ ಬರುವುದೊಂದು ಬಾಕಿ)
ಅರಮನೆಯಿಂದ ಅರಗು ಹಾಕಿದ ಲಕೋಟೆ:
ಜನಪಿತರ ಸೊಂಟ ಮೂವತ್ತೆಂಟು.
ಹೊಲಿದು ಕಳಿಸುತ್ತೇನೆ. ಎರಡು ರಾತ್ರಿ ಕಳೆದು
ದೀಪ ಆರಿಸಿದ ಜೀಪಿನಲ್ಲಿ ಷರಾಯಿ ವಾಪಸು ಬರುತ್ತದೆ.
ಕ್ಯಾಪ್ಟನ್ ಬಾಯಿ ತೆರೆಯದೆ ಬೆರಳು ತೋರಿಸುತ್ತಾನೆ,
ಮೊದಮೊದಲು ಒಂದು, ಈಗ ನಾಲ್ಕು.
ಅಷ್ಟಿಂಚು ಬಿಚ್ಚುತ್ತೇನೆ.
ಪುಸ್ತಕದಲ್ಲಿ ಬರೆಯುತ್ತೇನೆ: ಮೂವತ್ತೆಂಟು.
ಬೆಳಿಗ್ಗೆ ಪತ್ರಿಕೆಯಲ್ಲಿ ದಪ್ಪಕ್ಷರ,
ದೇಶ ಸ್ಥಿರವಾಗಿದೆ.

ಕಳೆದ ವರ್ಷ, ಖರ್ಜೂರ ಹಣ್ಣಾಗುವ ಹೊತ್ತಿಗೆ,
ಸಂಧಾನ ಅಂತ ಸುದ್ದಿ ಹಬ್ಬಿತು.
ಮೂರು ದಿನ ಫಿರಂಗಿ ಮಾತಾಡಲಿಲ್ಲ.
ಆಗ ರೊಟ್ಟಿಯ ಸಾಲು ಮಾತಾಡಿತು.
ಮೊದಲು ಹಿಟ್ಟಿನ ವಿಷಯ. ಆಮೇಲೆ
ಹಿಟ್ಟಿನ ಹಡಗು ಯಾರದು ಎಂಬ ವಿಷಯ.
ಮೂರನೆಯ ದಿನ ಮೀನು ಮಾರುವ ತರ್ಫಾ
ಮೆಲ್ಲಗೆ, ಬೆಲೆ ವಿಚಾರಿಸಿದ ಹಾಗೆ, ಕೇಳಿದಳು:
ನನ್ನ ಮೂವರಲ್ಲಿ ಒಬ್ಬನ ಮೈಯಾದರೂ ಎಲ್ಲಿ?
ಯಾರೂ ಉತ್ತರ ಹೇಳಲಿಲ್ಲ.
ಸುಮ್ಮನಿರು ಎಂದೂ ಯಾರೂ ಅನ್ನಲಿಲ್ಲ.
ಕ್ಯಾಪ್ಟನ್ ನನ್ನ ಅಂಗಡಿಯಲ್ಲಿ ಕೂತು ಬೆವರಿದ.
ಅವನು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.
ನಾಲ್ಕನೆಯ ಬೆಳಿಗ್ಗೆ ಗೋದಾಮಿನ ಮೇಲೆ ಶೆಲ್ ಬಿತ್ತು,
ಯಾವ ದಿಕ್ಕಿನಿಂದಲೋ.
ಸಾಲು ಬಾಯಿ ಮುಚ್ಚಿತು.
ಕ್ಯಾಪ್ಟನ್ ಚಹಾ ತರಿಸಿದ. ನನಗೂ.

ನನಗೆ ಗೊತ್ತಿರುವುದು ಹೊಲಿಗೆ.
ಕೋಟಿಗೆ ಮೊದಲು ಬಿಳಿ ನೂಲಿನ ಕಚ್ಚಾ ಹೊಲಿಗೆ;
ಮೈಗೆ ಕೂತ ಮೇಲೆ ಗಟ್ಟಿ ಹೊಲಿದು
ಅದನ್ನು ಕಿತ್ತುಬಿಡಬೇಕು.
ಇಲ್ಲಿ ಗಟ್ಟಿ ಹೊಲಿಗೆ ಯಾರೂ ಹಾಕಲೇ ಇಲ್ಲ.
ಕಚ್ಚಾ ನೂಲಿನಲ್ಲೇ ಒಂಬತ್ತು ವರ್ಷ ತೊಟ್ಟಿದ್ದಾರೆ.
ಎಳೆದರೆ ತೋಳು ಒಂದು ಕಡೆ, ಬೆನ್ನು ಒಂದು ಕಡೆ,
ಒಳಗೆ ನಿಂತವನು ಬರಿಮೈ.
ಅದಕ್ಕೇ ಎಳೆಯುವುದಿಲ್ಲ.

ಇವತ್ತು ತರ್ಫಾಳ ನಾಲ್ಕನೆಯವನು ಬಂದ, ಗಾನಿಮ್.
ಮೂಗಿನ ಕೆಳಗೆ ಇನ್ನೂ ಏನಿಲ್ಲ,
ಅಂಗೈಯಲ್ಲಿ ಮೀನಿನ ಪೊರೆ ಒಣಗಿ ಹೊಳೆಯುತ್ತಿತ್ತು.
ಕೈ ಎತ್ತು ಎಂದೆ.
ಎರಡೂ ಎತ್ತಿದ, ಶರಣಾದವರ ಹಾಗೆ.
ನಾಚಿ ಒಂದನ್ನು ಇಳಿಸಿದ.

ಉಚ್ಚಿಲದಲ್ಲಿ ಪೆರ್ನಾಳಿಗೆ ಮಕ್ಕಳ ಅಂಗಿ ಹೊಲಿದರೆ
ತೋಳಿನೊಳಗೆ ಎರಡಿಂಚು ಮಡಚಿಡುತ್ತಿದ್ದೆವು,
ಬೆಳೆಯುತ್ತಾನಲ್ಲ, ಎಂದು.
ಕೈ ಆ ಅಭ್ಯಾಸ ಬಿಟ್ಟಿಲ್ಲ.
ಎಷ್ಟು ಸಾವಿರ ತೋಳುಗಳಲ್ಲಿ ಮಡಚಿಟ್ಟಿದ್ದೇನೋ,
ಬಿಚ್ಚಿಸಲು ವಾಪಸು ಬಂದದ್ದು ಇಷ್ಟು ವರ್ಷದಲ್ಲಿ
ಆ ಒಂದು ಷರಾಯಿ.